ಎಂಟನೆಯ ಹೆಸರು

ಡಾರ್ಟ್ ಬೋರ್ಡಿನ ನಡುಗಣ್ಣು ನೆಲದಿಂದ
ಐದಡಿ ಎಂಟಿಂಚಿಗೆ ಬರಬೇಕು.
ಬ್ರಾಡ್‌ಗೇಜಿಗಿಂತ ಎರಡೇ ಇಂಚು ಜಾಸ್ತಿ;
ಅರಸೀಕೆರೆ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ
ಹಳಿ ಅಳೆದ ಕಣ್ಣಿಗೆ ಟೇಪು ಬೇಕಾಗಲಿಲ್ಲ.

ಚೀಟಿ ಬರೆದೆ. ಏಳು ಹೆಸರು.
ಗಾರ್ಡ್ ಲಾಜರಸ್‌ನ ಗೂಡ್ಸು ಬೀರೂರು ಬಿಟ್ಟಿಲ್ಲ,
ಕೀಮನ್ ಪುಟ್ಟಸ್ವಾಮಪ್ಪನಿಗೆ ಸಂಜೆ ಮಾತ್ರ ಬಿಡುವು,
ಶಂಟಿಂಗಿನ ದಸ್ತಗಿರ್ ಕೇಳಿದ್ದು ಒಂದೇ:
ಊಟ ಸೆಮಿಫೈನಲ್ಲಿಗೆ ಮುಂಚೆಯೋ, ಆಮೇಲೋ?
ಮೂರು ಸಲ ಹರಿದು ಮತ್ತೆ ಬರೆದು
ಹೆಲ್ಮೆಟ್ಟಿನೊಳಗೆ ಹಾಕಿ ಕುಲುಕಿದೆ.

ಏಳಕ್ಕೆ ಜೋಡಿಯಿಲ್ಲ.
ಒಬ್ಬ ಆಡದೆಯೇ ಮುಂದಿನ ಸುತ್ತಿಗೆ ಹೋಗಬಹುದು,
ನಿಯಮವಿದೆ. ಮನಸ್ಸು ಒಪ್ಪಲಿಲ್ಲ.

ಬುಕಿಂಗಿನ ರತ್ನಾಕ್ಷಿ, ಪ್ರತಿ ವರ್ಷವೂ ಸ್ಕೋರು ಬರೆಯುವವಳು,
ಮುನ್ನೂರ ಒಂದರಲ್ಲಿ ಐವತ್ತೇಳು ಕಳೆದು
ನಾವಿನ್ನೂ ಬೆರಳು ಮಡಚುತ್ತಿರುವಾಗಲೇ
ಹಲಗೆಯ ಮೇಲೆ ಇನ್ನೂರ ನಲವತ್ತನಾಲ್ಕು.
‘ನಿನ್ನ ಹೆಸರೂ ಹಾಕಲಾ?’ ಅಂದೆ.
ಟಿಫಿನ್ ಬ್ಯಾಗಿನ ತಳದಿಂದ ತೆಗೆದಳು
ಕರವಸ್ತ್ರದಲ್ಲಿ ಸುತ್ತಿದ ಮೂರು ಡಾರ್ಟು.
‘ಹೋದ ವರ್ಷವೇ ಕೇಳುತ್ತೀರಿ ಅಂದುಕೊಂಡಿದ್ದೆ.’

ಹಾಗಾಗಿ ಚಾಕ್‌ಪೀಸು ನನ್ನ ಕೈಗೆ ಬಂತು.
ಅವಳ ಮೊದಲ ಆಟದಲ್ಲೇ ಎಡವಿದೆ.
ಎಸೆಯಲು ಎತ್ತಿದ ಕೈ ಇಳಿಸದೆ,
ಗುರಿಯಿಂದ ಕಣ್ಣು ತೆಗೆಯದೆ ಅಂದಳು:
‘ನೂರ ಎಂಟಲ್ಲ ಸಾರ್, ತೊಂಬತ್ತೆಂಟು.’