ಬಲದಿಂದ ಎಡಕ್ಕೆ

ಆರೂ ಹತ್ತಕ್ಕೆ ಶಿವಮೊಗ್ಗ ಬಿಡುವ ಬಸ್ಸು ನನ್ನದು.
ಟಾಪಿನ ಮೇಲೆ ಪೇಪರಿನ ಬಂಡಲು:
ಆಯನೂರಿಗೆರಡು, ಕುಂಸಿಗೊಂದು, ಉಳಿದದ್ದು ಸಾಗರಕ್ಕೆ.
ಒಂದು ಪ್ರತಿ ಮಾತ್ರ ಕಂಡಕ್ಟರ್ ಹಾಲೇಶನ ಕಂಕುಳಿಗೆ,
ಲೆಕ್ಕದಲ್ಲಿಲ್ಲದ್ದು.

ಟಿಕೆಟ್ ಮುಗಿಸಿ ಬಾನೆಟ್ಟಿನ ಮೇಲೆ ಕೂರುತ್ತಾನೆ,
ಪೆನ್ನಿನ ಮುಚ್ಚಳ ಹಲ್ಲಿನಲ್ಲಿ.
ಆ ಚೌಕಗಳನ್ನು ನಾನು ಈವರೆಗೆ ನೋಡಿದವನಲ್ಲ,
ಕಣ್ಣು ರಸ್ತೆಗೆ ಬರೆದುಕೊಟ್ಟಾಗಿದೆ.
ಕಿವಿಗೆ ಬರುವುದು ಸುಳಿವು ಮಾತ್ರ:
"ಜಬೀವುಲ್ಲಣ್ಣ, ಏಳು, ಎಡದಿಂದ ಬಲಕ್ಕೆ.
ಕಮಲ. ಮೂರಕ್ಷರ. ಎತ್ತಲಿಂದ ಓದಿದರೂ ಒಂದೇ."
ಗೇರು ಬದಲಿಸುತ್ತ ಒಂದೊಂದೇ ತಿರುವಿ ನೋಡುತ್ತೇನೆ.
ತಾವರೆ ತಿರುಗಿದರೆ ರೆವತಾ, ಹಾಗಂದರೆ ಯಾರೂ ಅಲ್ಲ.
ಪಂಕಜ ತಿರುಗಿದರೆ ಜಕಪಂ,
ಸ್ಪ್ರಿಂಗ್ ಪ್ಲೇಟು ಕಟ್ಟಾದ ಸದ್ದು.
ಆಯನೂರಲ್ಲಿ ಹತ್ತಿದ ಟ್ಯೂಷನ್ನಿನ ಹುಡುಗಿ
ಚಿಲ್ಲರೆ ಎಣಿಸುತ್ತಲೇ "ಜಲಜ" ಅಂದಳು,
"ನಮ್ಮಜ್ಜಿ ಹೆಸರು."

ಹೀಗೆ ಬಸ್ಸೇ ಬಿಡಿಸುತ್ತದೆ.
ಪೋಸ್ಟ್‌ಮನ್ ತಿರಕಪ್ಪನಿಗೆ ಊರುಗಳು ಗೊತ್ತು,
ಕಾರ್ಮೆಲಿನ್ ಟೀಚರಿಗೆ ಪುರಾಣದ ಹೆಂಗಸರೆಲ್ಲ ಗೊತ್ತು,
ಅವರವರ ತವರುಮನೆ ಸಮೇತ.
ಕೊನೇ ಸೀಟಿನಲ್ಲಿ ತೂಕಡಿಸುವವನು
ವರ್ಷದಲ್ಲಿ ಒಮ್ಮೆ ಬಾಯಿ ಬಿಟ್ಟು "ಅಮಲು" ಅಂದ.
ಬೇಕಿದ್ದದ್ದು ಎರಡಕ್ಷರ,
ಮತ್ತು.

ಒಂದು ದಿನ: "ಮೀನು ಹಿಡಿಯುವ ಬಿದಿರಿನ ಬುಟ್ಟಿ. ಎರಡು."
"ಕೂಣಿ" ಅಂದರು ಕುಂಸಿಯ ನೀಲಮ್ಮ,
ಮೀನಿನ ಕುಕ್ಕೆಯ ಮೇಲಿಟ್ಟ ಕೈ ತೆಗೆಯದೆ.
ಹಾಲೇಶ ಬರೆದ.
ಮೇಲಿನಿಂದ ಇಳಿಯುತ್ತಿದ್ದ ಹೋಳಿಗೆ
ನಡುವೆ ಸಿಕ್ಕಿಕೊಂಡು ಹೋಣಿಗೆ ಆಯಿತು.
ಬಸ್ಸಿಗೆ ಬಸ್ಸೇ ನಕ್ಕಿತು.
"ಕೂಳಿ ಇರಬಹುದೇನೋ" ಅಂದರು ಟೀಚರ್, ಮೆಲ್ಲಗೆ.
"ನೀವು ಯಾವತ್ತು ನೀರಿಗೆ ಇಳಿದಿದ್ರಿ?"
ಮಾರನೆಯ ದಿನದ ಉತ್ತರದಲ್ಲಿ ಕೂಳಿಯೇ ಇತ್ತು.
ಹಾಲೇಶ ತೋರಿಸಲು ಹೋದ. ಆಕೆ ನೋಡಲಿಲ್ಲ.
"ಹಂಗಾದ್ರೆ ಪೇಪರ್‌ನೋರೇ ಬಂದು ಹಿಡೀಲಿ."
ಅವತ್ತಿನಿಂದ ನಮ್ಮ ಬಸ್ಸಿನಲ್ಲಿ
ಹೋಣಿಗೆ ಅಂತ ಒಂದು ತಿಂಡಿ ಇದೆ.

ನನ್ನ ಪಾಲಿನದು ಬಲದಿಂದ ಎಡಕ್ಕೆ.
ಬೆಳಿಗ್ಗೆ ಮದರಸಾದಲ್ಲಿ ಬೆರಳಿಟ್ಟು ಓದಿದ್ದು ಆ ಕಡೆಯಿಂದ,
ಹತ್ತು ಗಂಟೆಗೆ ಕನ್ನಡ ಶಾಲೆಯಲ್ಲಿ ಈ ಕಡೆಯಿಂದ.
ಸ್ಲೇಟಿನ ಎದುರು ಕೂತು
ಯಾವ ಅಂಚಿನಿಂದ ಹೊರಡಬೇಕೆಂದು
ಬಳಪ ಹಿಡಿದು ಯೋಚಿಸಿದ ಹುಡುಗ ನಾನು.
ಹಾಲೇಶನಿಗೆ ಎಂದೋ ಹೇಳಿದ್ದೆ, ಸಾಗರದಲ್ಲಿ ಚಾ ಕುಡಿಯುತ್ತ.
ಅಂದಿನಿಂದ ಅಂಥ ಸುಳಿವು ಬಂದರೆ
ಟೀಚರ್ ಬಾಯಿ ತೆರೆದರೂ ಕೈ ಅಡ್ಡ ಹಿಡಿಯುತ್ತಾನೆ.
ನಕ್ಷೆಯಲ್ಲಿ ಶಿವಮೊಗ್ಗ ಬಲಕ್ಕೆ, ಸಾಗರ ಎಡಕ್ಕೆ.
ದಿನದ ಮೊದಲ ಸಾಲನ್ನು
ನಾನು ಬರೆಯುವುದೂ ಹಾಗೇ, ಆರು ಚಕ್ರದಲ್ಲಿ.

"ಹದಿನಾಲ್ಕು. ನಿಂತರೆ ಇದಕ್ಕೆ ಬೇರೆ ಹೆಸರು. ಎರಡು."
ಚೋರಡಿ ಸೇತುವೆ. ಕೆಳಗೆ ಕುಮುದ್ವತಿ,
ಕಲ್ಲು ಸುತ್ತಿ ಹೋಗುವಷ್ಟೇ ನೀರು.
"ನದಿ" ಅಂದೆ.
ಅವನು ಬರೆದ. ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ, "ಈ ಕಡೆಯಿಂದ ಓದಿದರೆ ದಿನ ಕಣಣ್ಣ."
ಎದುರಿಗೆ ಜಲ್ಲಿ ಲಾರಿ ಬಂತು.
ಅದಕ್ಕೆ ಜಾಗ ಬಿಟ್ಟೆ.

ಈ ವಾರ ಹಾಲೇಶನಿಲ್ಲ, ಹರ್ನಿಯಾ ಆಪರೇಷನ್.
ಬದಲಿ ಹುಡುಗ ಚುರುಕು. ಕೊರಳಲ್ಲಿ ಮೆಷಿನ್ನು,
ಕಿವಿಯಲ್ಲಿ ವೈರು. ಬಂಡಲುಗಳೆಲ್ಲ
ಲೆಕ್ಕಕ್ಕೆ ಸರಿಯಾಗಿ ಇಳಿದವು.
ಟ್ಯೂಷನ್ನಿನ ಹುಡುಗಿ ಎರಡು ಸಲ ಬಾನೆಟ್ಟಿನ ಕಡೆ ನೋಡಿದಳು.
ತಿರಕಪ್ಪ ಕಿಟಕಿಯ ಗಾಜು ಎಳೆದ, ಮತ್ತೆ ತೆಗೆದ.
ಸೇತುವೆ ಬಂದಾಗ, ಯಾರೂ ಕೇಳದೆಯೇ,
ಬಾಯಿತಪ್ಪಿ "ನದಿ" ಅಂದುಬಿಟ್ಟೆ.
ಹುಡುಗ ಒಂದು ಕಿವಿಯ ವೈರು ತೆಗೆದ. "ಏನಣ್ಣಾ?"
"ಏನಿಲ್ಲ ಮಾರಾಯ, ಎರಡಕ್ಷರ."

ಹಿಂದಿನಿಂದ ನೀಲಮ್ಮನ ದನಿ:
"ಎರಡಕ್ಷರ ಅಂದ್ರೆ ಕೂಣಿ ಕಣಪ್ಪ. ಬರ್ಕೋ."