ಬೇಲಿಗೂಟ

ಡೇನ್‌ಟ್ರೀ ಕಾಡು ಕಡಲಿಗೆ ಕಾಲು ಇಳಿಬಿಟ್ಟು ಕೂತಲ್ಲಿ
ಮೂರು ತಾಸು ನಡೆದು ನಮಗೆ ದಕ್ಕಿದ್ದು
ಕ್ಯಾಸೊವರಿಯ ಹಿಕ್ಕೆ, ಒಂದೇ ರಾಶಿ,
ಅರಗದ ನೀಲಿ ಹಣ್ಣು ತುಂಬಿ.

‘ಬೆಳಗಿನದ್ದು,’ ಎಂದಳು ಮೆರಿಲ್, ಕಡ್ಡಿಯಲ್ಲಿ ಕೆದಕಿ,
ನಾಡಿ ಹಿಡಿದ ವೈದ್ಯೆಯ ಹಾಗೆ.
ಹಕ್ಕಿ ಮಾತ್ರ ಇಲ್ಲ.

ಬೆವರೊರೆಸುತ್ತ ಮರಕ್ಕೆ ಕೈಯಿಟ್ಟೆ.
ಗೇಣು ದೂರದಲ್ಲಿ
ತೊಗಟೆ ಕಣ್ಣು ಪಿಳುಕಿಸಿತು.

ಓತಿ!
ನೆತ್ತಿಯಿಂದ ಬೆನ್ನಿಗಿಳಿದ ಗರಗಸ,
ನಮ್ಮ ಗದ್ದಲವನ್ನೆಲ್ಲ ಕೇಳಿಸಿಕೊಂಡ ಮುಖ.
ಕ್ಯಾಮೆರಾ ಎತ್ತಿದೆ, ಕಾಂಡದಾಚೆ ಜಾರಿತು.
ನಾನು ಬಲಕ್ಕೆ, ಅದೂ ಬಲಕ್ಕೆ.
ಹರಕೆ ಹೊರದೆಯೇ ಮೂರು ಪ್ರದಕ್ಷಿಣೆ,
ಮೆರಿಲ್‌ಗೆ ನಗು ತಡೆಯಲಿಲ್ಲ.

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ
ಅನ್ನುತ್ತಾರೆ ನಮ್ಮ ಕಡೆ.
ಇಲ್ಲಿ ಬೇಲಿಯೇ ಇಲ್ಲ,
ಗೂಟದ ಹಾಗೆ ನಿಂತವಳು ನಾನೊಬ್ಬಳೇ.

ಫೋಟೊದಲ್ಲಿ ಬರೀ ಮರ,
ಅಂಚಿಗೆ
ನಾಲ್ಕು ಉಗುರು.