ಗುಣಾಕಾರ ಚಿಹ್ನೆ

ನಜರ್‌ಬಾದಿನ ಖಲೀಲ್ ಸಾಬರು ಕೊಟ್ಟಾಗ
ಚೀಟಿಯಲ್ಲಿ ಹೆಸರಿತ್ತು.
ಮೂರು ಬೇಸಿಗೆ. ಸ್ಕೆಚ್ ಪೆನ್ನಿನ ಶಾಯಿಯನ್ನು
ತಾರಸಿಯ ಬಿಸಿಲು ಕುಡಿದು ಉಳಿಸಿದ್ದು
ನಡುವಿನ ಗುಣಾಕಾರ ಚಿಹ್ನೆ,
ಆಚೆ ಈಚೆ ಖಾಲಿ.

ಈಗ ಹೂ ಬಿಟ್ಟಿದೆ: ನೇರಳೆ ತುಟಿ, ಗಂಟಲಲ್ಲಿ ಅರಿಸಿನ.
ಸಾಬರು ಕನ್ನಡಕ ಏರಿಸಿ,
‘ಅಜ್ಜಿ ಲೇಲಿಯಾ’ ಅಂದರು. ಮರುಗಳಿಗೆಗೆ, ‘ಅಲ್ಲಲ್ಲ,
ಲೇಲಿಯಾನ ಈಗ ಕ್ಯಾಟ್ಲಿಯಾ ಮನೆಗೆ ಸೇರಿಸವ್ರೆ.
ಗಿಡಕ್ಕೇನು ಗೊತ್ತು, ಬಿಡಿ.’

ಮೂವತ್ತೊಂದು ವರ್ಷ ನಗರಪಾಲಿಕೆಯಲ್ಲಿ
ಜನನ ದಾಖಲೆ ಬರೆದವಳು ನಾನು.
ತಂದೆ ಮೊದಲು, ಆಮೇಲೆ ತಾಯಿ.
ಒಬ್ಬಳು, ಚೆಲುವಾಂಬ ಆಸ್ಪತ್ರೆಯಿಂದ ಹಸಿ ಮೈಯಲ್ಲೇ ಬಂದವಳು,
‘ಅಲ್ಲೊಂದು ಗೆರೆ ಎಳೀರಿ ಮೇಡಂ’ ಅಂದಳು.
ಎಳೆದೆ. ಸ್ಕೇಲಿಟ್ಟು.

ಆರ್ಕಿಡ್ಡಿನ ವಂಶಾವಳಿಯಲ್ಲಿ ತಾಯಿಯೇ ಮೊದಲಂತೆ,
ಕಾಯಿ ಹೊತ್ತವಳು.
ಪರಾಗ ಕೊಟ್ಟವನು ಚಿಹ್ನೆಯಾಚೆ.
ಇದನ್ನು ಓದಿದ ರಾತ್ರಿ ಯಾಕೋ
ಎದ್ದು ಲೈಟು ಹಾಕಿ ಕೂತಿದ್ದೆ.

ದಸರಾ ಫಲಪುಷ್ಪ ಪ್ರದರ್ಶನದ ಹುಡುಗ
ಅರ್ಜಿ ಮುಂದಿಟ್ಟು ಕೇಳುತ್ತಾನೆ, ‘ಹೆಸರು?’
ಪೆನ್ಸಿಲ್ ಚೂಪಾಗಿದೆ. ಬಿಸಿಲಿಗೆ ಮಾಸುವುದಲ್ಲ.
ಆದರೂ ಕೈ ತಡೆಯುತ್ತದೆ.

ಆ ಕೂಸಿಗೆ ಏನು ಹೆಸರಿಟ್ಟಳೋ,
ಅವತ್ತು ನಾನು ಕೇಳಲೇ ಇಲ್ಲ.